ತಲೆಗೆ ಹದಿಮೂರು ಡಾಲರ್

ವಾಲ್ಯಾ ನುಕುಲುಯ್
ಬುಧವಾರ, ಜೂನ್ 1, 2011

ಪ್ರೀತಿಯ ತಂಗಿ ವಿಯೋರಿಕಾ,

ನೀನು ಮೊದಲು ಓದಬೇಕಾದ್ದನ್ನು ಮೊದಲೇ ಬರೆಯುತ್ತೇನೆ. ನಿನ್ನ ಮಗಳು ಇಲಿಂಕಾ ಚೆನ್ನಾಗಿದ್ದಾಳೆ. ಜ್ವರವಿಲ್ಲ, ಗಾಯವಿಲ್ಲ. ಈಗ ಅಂಗಳದ ಚೆರಿ ಮರ ಹತ್ತಿ ಕೂತು ನನ್ನ ನೆತ್ತಿಗೆ ಗುರಿಯಿಟ್ಟು ಬೀಜ ಉಗುಳುತ್ತಿದ್ದಾಳೆ. ಕಳೆದ ಭಾನುವಾರ ಬೊಲೋನ್ಯಾದಲ್ಲಿ, ಊರಿಗೂ ಇಟಲಿಗೂ ಓಡಾಡುವ ಯೆರೆಮಿಯಾನ ವ್ಯಾನಿನ ಬಾಗಿಲು ಹಿಡಿದು 'ನನ್ನ ಮಗು ಬದುಕಿದೆಯಾ, ನಿಜ ಹೇಳು' ಎಂದು ಕೇಳಿದೆಯಂತೆ. ಬದುಕಿದೆ ಕಣೇ. ಒಮ್ಮೆ ಉಸಿರು ಬಿಡು. ಎರಡನೆಯ ಮಾತು: ಈ ಭಾನುವಾರ ನೀನು ಆ ವ್ಯಾನ್ ಹತ್ತಿ ಊರಿಗೆ ಹೊರಡಬೇಡ. ಯಾಕೆ ಎನ್ನುವುದು ಕೆಳಗಿದೆ. ನಿಂತು ಓದಬೇಡ, ಎಲ್ಲಾದರೂ ಕೂತು ಓದು.

ನಾನು ಅಂಗಡಿಯವಳು. ನನಗೆ ಮೊದಲು ಖರ್ಚು ಬರೆದರೇ ಮಾತು ಸಾಗುವುದು. ಈ ಇಡೀ ಪ್ರಕರಣದಲ್ಲಿ ಅಮೆರಿಕದ ಆ ದೊಡ್ಡ ಕಂಪನಿಗೆ ತಗಲಿದ್ದು ಎಂಟುನೂರೈವತ್ತು ಕೋಟಿ ಡಾಲರ್. ಅವರ ಹತ್ತಿರ ಇತ್ತು, ಕೊಟ್ಟರು. ನಮ್ಮೂರಿಗೆ ತಗಲಿದ್ದು: ಬಾವಿಗೆ ಬಿದ್ದ ಒಂದು ಕಂಪ್ಯೂಟರ್ ಕ್ಯಾಮೆರಾ, ಅದನ್ನು ಎತ್ತಲು ಹೋಗಿ ತಿಮೊಫ್ತೆ ಮುರಿದುಕೊಂಡ ಒಂದು ಹಲ್ಲು, ಮುರಿದು ಬಿದ್ದ ಒಂದು ಮದುವೆ ಮಾತು, ಬೇಲಿಬೇಲಿಗೂ ನಿಂತುಹೋದ ನೆರೆಹೊರೆಯ ಹರಟೆ. ನಿನಗೆ ತಗಲಿದ್ದು ಮೂರು ವಾರದ ನಿದ್ದೆ. ನನಗೆ ತಗಲಿದ್ದೇನು ಎನ್ನುವುದನ್ನು ಇನ್ನೂ ಕೂಡುತ್ತಿದ್ದೇನೆ.

ಆ ಮಂಗಳವಾರ, ಮೇ ಹತ್ತರ ಸಂಜೆ, ಅಂಗಡಿಯ ಹಿಂದಿನ ಕೋಣೆ ಎಂದಿನಂತೆ ತುಂಬಿತ್ತು. ಎರಡು ಕಂಪ್ಯೂಟರ್, ಎರಡರ ಮುಂದೂ ಸಾಲು. ಒಂದರಲ್ಲಿ ತಿಮೊಫ್ತೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ತೂರಿನ್‌ನಲ್ಲಿರುವ ಹೆಂಡತಿಗೆ ಹಸು ಕರು ಹಾಕಿದ ಕಥೆ ಹೇಳುತ್ತಿದ್ದ. ಇನ್ನೊಂದರ ಮುಂದೆ ಪರಸ್ಕೀವಾ ಅಜ್ಜಿ, ಪಾದೋವಾದ ಮಗಳ ಮುಖ ಬರುವುದನ್ನು ಕಾಯುತ್ತ, ಹೊಸ ತಲೆವಸ್ತ್ರ ಕಟ್ಟಿ ಕೂತಿದ್ದಳು. ಸಾಲಿನಲ್ಲಿ ನಾಲ್ಕಾರು ಹುಡುಗಿಯರು. ಮೂಲೆಯ ಟಿವಿಯಲ್ಲಿ ರಷ್ಯನ್ ಸುದ್ದಿ, ಸದ್ದು ಕಡಿಮೆ. ಪರದೆಯ ಮೇಲೆ, ಕಂಪ್ಯೂಟರಿನಲ್ಲಿ ಮುಖ ನೋಡಿ ಮಾತಾಡುವ ನಮ್ಮ ನೀಲಿ ಫೋನಿನ ಗುರುತು ಬಂತು. ಊರಿನ ಕಾಲುಭಾಗ ಹೆಂಗಸರು ಇಟಲಿಯಲ್ಲಿ ಮುದುಕರ ಸೇವೆಗಿದ್ದು, ಅವರಲ್ಲಿ ಮುಕ್ಕಾಲು ಜನಕ್ಕೆ ಕಾಗದಪತ್ರ ಇಲ್ಲದಿರುವಾಗ, ಆ ಗುರುತು ನಮಗೆ ಚರ್ಚಿನ ಶಿಲುಬೆಗಿಂತ ಹೆಚ್ಚು ಪರಿಚಿತ.

'ಅನಿಸಿಯಕ್ಕಾ, ಅದು ನಮ್ದಲ್ವಾ? ಏನಂತಾಳೆ ಅವ್ಳು?' ಎಂದು ಹುಡುಗಿಯರು ಕೇಳಿದರು. ಈಗಿನವರಿಗೆ ರಷ್ಯನ್ ಅಷ್ಟಕ್ಕಷ್ಟೆ. ಮಾಸ್ಕೋ ಸಂತೆಯಲ್ಲಿ ಎಂಟು ಚಳಿಗಾಲ ಅಕ್ರೋಟು ಮಾರಿ ಈ ಅಂಗಡಿ ಕಟ್ಟಿದವಳು ನಾನು, ನನಗೆ ಬರುತ್ತದೆ.

ನಾನು ಹೇಳಿದೆ: 'ಮಾರಿಬಿಟ್ರಂತೆ. ಬಳಕೆದಾರರ ಸಮೇತ.'

ನಿನಗೆ ಗೊತ್ತಲ್ಲ, ನಮ್ಮ ಮಾತಿನಲ್ಲಿ ಮಾರುವುದು ಎಂದರೆ ಹಸು ಮಾರುವುದು ಒಂದೇ ಅಲ್ಲ. ಪಕ್ಕದ ಮನೆಯವನ ಹೆಸರನ್ನು ಸರಕಾರದವರ ಕಿವಿಗೆ ಹಾಕುವುದಕ್ಕೂ ಅದೇ ಮಾತು. 'ನನ್ನ ತಾತನನ್ನು ಮಾರಿದವರು ಇಂಥವರ ಮನೆಯವರು' ಎಂದು ಇವತ್ತಿಗೂ ಹೆಸರಿಟ್ಟು ಹೇಳುವ ಊರು ಇದು. ಕೋಣೆಯ ತಲೆಗಳೆಲ್ಲ ನನ್ನತ್ತ ತಿರುಗಿದವು. ತಿಮೊಫ್ತೆ ಹೆಡ್‌ಫೋನ್ ತೆಗೆದು, 'ಯಾರನ್ನ ಮಾರಿದ್ರು?' ಅಂದ.

'ನಿನ್ ಹೆಂಡ್ತೀನ,' ಎಂದಳು ಒಬ್ಬ ಹುಡುಗಿ, ನಗಿಸಲು.

'ಎಷ್ಟಕ್ಕೆ?'

ನನ್ನ ಕೈ ಸುಮ್ಮನಿರುತ್ತದೆಯೇ? ಬಳಸುವವರು ಅರವತ್ತಾರು ಕೋಟಿ ಎಂದು ಟಿವಿಯಲ್ಲಿ ಅಂಕಿ ಬಂದಿತ್ತು. ಕ್ಯಾಲ್ಕುಲೇಟರ್ ಒತ್ತಿದೆ. ತಲೆಗೆ ಹದಿಮೂರು ಡಾಲರ್ ಬಿತ್ತು.

'ಹದಿಮೂರಾ? ಮದುವೆಯಲ್ಲಿ ಅವಳ ಅಪ್ಪ ಕುಡಿದ ವೈನೇ ಅದಕ್ಕಿಂತ ಜಾಸ್ತಿ ಆಗಿತ್ತಲ್ಲೇ!' ಎಂದ ತಿಮೊಫ್ತೆ. ಎಲ್ಲರೂ ನಕ್ಕರು. ಪರಸ್ಕೀವಾ ಅಜ್ಜಿ ನಗಲಿಲ್ಲ. ಅವಳು ನನ್ನನ್ನೇ ನೋಡುತ್ತ, 'ಪಟ್ಟಿ ಇದೆಯಾ?' ಎಂದು ಕೇಳಿದಳು.

'ಏನು ಪಟ್ಟಿ ಅಜ್ಜಿ?'

'ಸಮೇತ ಅಂದ್ಯಲ್ಲ. ಹೆಸರಿಲ್ದೆ ಸಮೇತ ಹ್ಯಾಗೆ ಮಾರ್ತಾರೆ? ಲಾರಿ ಬರೋಕ್ ಮುಂಚೆ ಪಟ್ಟಿ ಬರುತ್ತೆ.'

ರಷ್ಯದವರ ಗಡೀಪಾರು ನಡೆದ ನಲವತ್ತೊಂಬತ್ತರ ಜುಲೈಯಲ್ಲಿ ಅವಳು ಹನ್ನೆರಡರ ಹುಡುಗಿ. ಅಪ್ಪನ ಹೆಸರು ಪಟ್ಟಿಯಲ್ಲಿತ್ತು, ಲಾರಿ ಬಂತು, ಕುಟುಂಬ ಸೈಬೀರಿಯಾಕ್ಕೆ ಹೋಯಿತು. ಇದು ಊರಿಗೆಲ್ಲ ಗೊತ್ತು. ಆದರೆ ಅವಳು ತಾನೇ ಬಾಯಿಬಿಟ್ಟು ಲಾರಿ ಎಂದದ್ದನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಅವಳ ಮಗಳು ಬಂದು 'ಅಮ್ಮಾ, ಕಾಣಿಸ್ತಿದೀನಾ?' ಎಂದಳು. ಅಜ್ಜಿ ಅಂಗೈಯಿಂದ ಕ್ಯಾಮೆರಾ ಮುಚ್ಚಿ, 'ನೀನ್ಯಾರೋ ನಂಗೊತ್ತಿಲ್ಲ' ಎಂದು ಎದ್ದು ಹೋದಳು. ಹೊತ್ತಿಕೊಂಡದ್ದು ಅಲ್ಲಿಂದ.

ಮಾರನೆಯ ದಿನ ಸಾಲು ಇನ್ನೂ ಉದ್ದ. ಆದರೆ ಮಾತಾಡಲು ಬಂದವರಲ್ಲ, ಅಳಿಸಲು ಬಂದವರು. 'ಅಕ್ಕಾ, ನನ್ನ ಸೊಸೆ ಹೆಸರು ತೆಗಿ.' 'ನನ್ನ ಫೋಟೋ ತೆಗಿ, ಅವಳ ಜೊತೆ ನಿಂತಿರೋದು.' ಮಾತಿಗೆ ಐದು ಲೇಯ್ ಇತ್ತು, ಅಳಿಸುವುದಕ್ಕೂ ಐದೇ ಇಟ್ಟೆ. ಬೈಯಬೇಡ, ಕರೆಂಟ್ ಎರಡಕ್ಕೂ ಒಂದೇ. ಒಂದು ಕ್ಯಾಮೆರಾಕ್ಕೆ ಯಾರೋ ಸಂತ ನಿಕೊಲಾಯ್ ಪಟ ಅಂಟಿಸಿದರು, ಆ ಕಡೆಯಿಂದ ನೋಡುವವನಿಗೆ ಸಂತನೇ ಕಾಣಲಿ ಎಂದು. ಇನ್ನೊಂದನ್ನು ತಿಮೊಫ್ತೆ ಕಿತ್ತುಕೊಂಡು ಹೋಗಿ ಬಾವಿಗೆ ಹಾಕಿದ. ಆಮೇಲೆ ಅವನ ತಾಯಿ, 'ಬಾವಿಯೊಳಗಿಂದ ನೋಡೋದಿಲ್ಲ ಅಂತ ಏನ್ ಗ್ಯಾರಂಟಿ, ನಾವು ಅದೇ ನೀರು ಕುಡಿಯೋದು' ಎಂದು ರಂಪ ಮಾಡಿದ್ದಕ್ಕೆ ಎತ್ತಲು ಇಳಿದು ಹಲ್ಲು ಮುರಿದುಕೊಂಡ.

ನಗು ಬರುವುದು ಈಗ. ಆಗ ಬರಲಿಲ್ಲ. ಆ ವಾರವೇ ಪಕ್ಕದೂರಿನ ಒಬ್ಬಳನ್ನು ರಿಮಿನಿಯಲ್ಲಿ ಹಿಡಿದು ವಾಪಸ್ ಕಳಿಸಿದರು. ಟಿಕೆಟ್ ಇಲ್ಲದೆ ರೈಲು ಹತ್ತಿದ್ದಳು, ಅಷ್ಟೆ. ಆದರೆ ನಮ್ಮೂರಿಗೆ ಆ ಸುದ್ದಿ ಮುಟ್ಟುವಾಗ ರೈಲು ಎಲ್ಲೋ ಬಿದ್ದುಹೋಗಿತ್ತು, ನೀಲಿ ಫೋನು ಮಾತ್ರ ಉಳಿದಿತ್ತು. 'ಹಿಂದಿನ ಭಾನುವಾರ ಮಾತಾಡಿದ್ಲಂತೆ, ಗುರುವಾರ ಹಿಡಿದ್ರಂತೆ.' ಅದಾದ ಮೇಲೆ ಜನ ಮೊಬೈಲಿನ ಸಿಮ್ಮನ್ನೂ ತೆಗೆದರು. ನೀಲಿ ಫೋನಿಗೆ ಸೇರುವಾಗ ಆ ನಂಬರನ್ನೇ ಅಲ್ಲವೇ ಕೊಟ್ಟದ್ದು? ಅಂಗಡಿಗೆ ಬಂದವರು ಉಪ್ಪು ಕೇಳುವುದನ್ನೂ ಪಿಸುಮಾತಿನಲ್ಲಿ ಕೇಳತೊಡಗಿದರು. ಗೇಟುಗಳಿಗೆ ಹಗಲಲ್ಲೂ ಬೀಗ. ಗೊತ್ತಿಲ್ಲದ ಕಾರೊಂದು ಹಾದುಹೋದರೆ ಬೀದಿಯುದ್ದಕ್ಕೂ ಕಿಟಕಿಯ ಪರದೆಗಳು ಒಂದೊಂದೇ ಅಲುಗುತ್ತಿದ್ದವು. ನಮ್ಮ ಅಮ್ಮ ಹೇಳುತ್ತಿದ್ದ ಕಾಲ ಹೀಗೇ ಇದ್ದಿರಬೇಕು ಅನ್ನಿಸಿತು.

ನಾನೂ ನನ್ನ ಸಿಮ್ ತೆಗೆದು ಜೋಳದ ಹಿಟ್ಟಿನ ಡಬ್ಬಿಗೆ ಹಾಕಿದೆ. ನೀಲಿ ಫೋನಿನಲ್ಲಿ ನಿನ್ನ ಹೆಸರು ಅಳಿಸಿದೆ. ಇಲಿಂಕಾಗೆ ಮೆಷಿನ್ ಕೆಟ್ಟಿದೆ ಎಂದೆ. ಕಾರಣ ಕೇಳಿದರೆ ನನ್ನ ಹತ್ತಿರ ಒಳ್ಳೆಯ ಕಾರಣವೇ ಇತ್ತು: ನೀನು ನೋಡಿಕೊಳ್ಳುವ ಮುದುಕಿ ಸಿನ್ಯೋರಾಳ ಮಗ ನಿನ್ನ ಕಾಗದಕ್ಕೆ ಅರ್ಜಿ ಹಾಕಿದ್ದಾನೆ, ಅರ್ಜಿ ಒಳಗಿರುವಾಗ ನಿನ್ನ ಹೆಸರು ಪೊಲೀಸರ ಕಣ್ಣಿಗೆ ಬಿದ್ದರೆ ಆರು ವರ್ಷದ ದುಡಿಮೆ ನೀರುಪಾಲು. ಊರಿನ ಎಲ್ಲರ ಬಾಯಲ್ಲೂ ಇದ್ದ ಕಾರಣ ಅದು. ಯಾರೂ ನನ್ನನ್ನು ಪ್ರಶ್ನಿಸಲಿಲ್ಲ.

ಇಲಿಂಕಾ ಪ್ರಶ್ನಿಸಿದಳು. ಮೊದಲ ವಾರ ದಿನವೂ ಶಾಲೆ ಬಿಟ್ಟೊಡನೆ ಬಂದು ಕಪ್ಪು ಪರದೆಯ ಮುಂದೆ ಕೂತು ನೋಟ್‌ಬುಕ್ ತೆರೆದು ಹಿಡಿಯುತ್ತಿದ್ದಳು. 'ಅಮ್ಮಂಗೆ ನಾನು ಕಾಣಲ್ಲ, ಆದ್ರೆ ಅವಳು ನಂಗೆ ಕಾಣದೇ ಇದ್ರೂ ಅಲ್ಲೇ ಕೂತಿರ್ತಾಳಲ್ಲ ದೊಡ್ಡಮ್ಮ?' ಅಂದಳು. ನಾನು ಮುದ್ದೆ ತಿರುವುತ್ತಿದ್ದವಳು ತಿರುಗಿ ನೋಡಲಿಲ್ಲ. ಎರಡನೆಯ ವಾರ ನಿಲ್ಲಿಸಿದಳು. ಮೂರನೆಯ ವಾರ ಹೆದ್ದಾರಿ ಬದಿಯಲ್ಲಿ ಬಕೆಟ್ ಇಟ್ಟುಕೊಂಡು ನಮ್ಮ ಮರದ ಚೆರಿ ಮಾರುತ್ತಿದ್ದಾಳೆ ಎಂದು ತಿಮೊಫ್ತೆ ಬಂದು ಹೇಳಿದ. ಹೋಗಿ ಕಿವಿ ಹಿಡಿದು ಎಳೆದು ತಂದೆ. 'ಯಾಕೇ ಇದು? ನಾನು ನಿಂಗೇನ್ ಕಡಿಮೆ ಮಾಡಿದೀನಿ?'

ಬಕೆಟ್ಟಿನ ತಳದಿಂದ ದುಡ್ಡು ತೆಗೆದು ತೋರಿಸಿದಳು. 'ಹದಿಮೂರು ಡಾಲರ್ ಅಂದ್ರೆ ನೂರೈವತ್ತು ಲೇಯ್ ಅಂತ ಟೀಚರ್ ಹೇಳಿದ್ರು. ತೊಂಬತ್ತಾಗಿದೆ ದೊಡ್ಡಮ್ಮ. ಅಮ್ಮನ್ನ ವಾಪಸ್ ಕೊಂಡ್ಕೋಬೇಕು.'

ವ್ಯಾಪಾರದಲ್ಲಿ ಸೋತು ನಾನು ಅತ್ತವಳಲ್ಲ. ಅವತ್ತೂ ಅಳಲಿಲ್ಲ. ಒಳಗೆ ಹೋಗಿ ಅಕ್ಕಿ ಮೂಟೆಯ ಮೇಲೆ ಸ್ವಲ್ಪ ಹೊತ್ತು ಕೂತೆ. ಆಮೇಲೆ ಎದ್ದು ಬಂದು ಅವಳಿಗೆ ತಿಂಡಿ ಕೊಟ್ಟೆ. ಸಿಮ್ ಮಾತ್ರ ಡಬ್ಬಿಯಲ್ಲೇ ಇತ್ತು.

ಇನ್ನು ಮುಚ್ಚಿಟ್ಟರೆ ಈ ಪತ್ರಕ್ಕೆ ಅರ್ಥವಿಲ್ಲ, ಬರೆಯುತ್ತೇನೆ. ಮೇ ಎಂಟರ ಭಾನುವಾರ ನಾವು ಮಾತಾಡಿದ್ದು ನೆನಪಿದೆಯಾ? ಇಲಿಂಕಾ ಹೊರಗೆ ಆಡುತ್ತಿದ್ದಳು. ನೀನು ಪಿಸುಗುಟ್ಟಿದೆ: ಕಾಗದ ಸೆಪ್ಟೆಂಬರಿಗೆ ಬರುತ್ತೆ ಅಕ್ಕಾ, ಬಂದ ಕೂಡಲೇ ಇಲಿಂಕಾನ ಇಲ್ಲಿಗೇ ಕರೆಸಿಕೊಳ್ತೀನಿ, ಇಲ್ಲೇ ಶಾಲೆಗೆ ಹಾಕ್ತೀನಿ, ನೀನು ಅವಳಿಗೆ ಮೆಲ್ಲಗೆ ಹೇಳು. ನಾನು 'ದೇವರು ದೊಡ್ಡವನು' ಎಂದೆ. ನೀನು ಸಂತೋಷದ ಮಾತು ಎಂದುಕೊಂಡೆ. ಮೂರರಲ್ಲಿ ಬಿಟ್ಟು ಹೋದ ಮಗು ಅದು, ಈಗ ಒಂಬತ್ತು. ಅವಳ ಹಾಲುಹಲ್ಲೆಲ್ಲ ನನ್ನ ಅಂಗೈಗೇ ಬಿದ್ದದ್ದು. ಅದಾಗಿ ಎರಡು ದಿನಕ್ಕೆ ಟಿವಿಯಲ್ಲಿ ಆ ಸುದ್ದಿ ಬಂತು.

ಟಿವಿಯವಳು 'ಮಾರಿದರು' ಎನ್ನಲಿಲ್ಲ ವಿಯೋರಿಕಾ. 'ಕೊಂಡರು' ಎಂದಳು. ಒಂದು ಕಂಪನಿ ಇನ್ನೊಂದನ್ನು ಕೊಂಡಿತು, ಅಷ್ಟೆ. 'ಬಳಕೆದಾರರ ಸಮೇತ' ಎಂದೂ ಅವಳು ಹೇಳಲಿಲ್ಲ, ಬಳಕೆದಾರರ ಲೆಕ್ಕ ಹೇಳಿದಳು. ಕೊಂಡರು ಎಂದಿದ್ದರೆ ನಮ್ಮೂರಲ್ಲಿ ಒಂದು ಕೋಳಿಯೂ ಬೆದರುತ್ತಿರಲಿಲ್ಲ. ಆ ಮಾತು ಬೇಕೆಂದೇ ಬಂತೋ, ಬಾಯಿತಪ್ಪಿ ಬಂತೋ ಎಂದು ನನ್ನನ್ನೇ ನಾನು ಕೇಳಿಕೊಂಡಿದ್ದೇನೆ. ಬಾಯಿತಪ್ಪಿ ಬಂದಿದ್ದರೆ ಮಾರನೆಯ ಬೆಳಿಗ್ಗೆ ತಿದ್ದಬಹುದಿತ್ತಲ್ಲ. ತಿದ್ದಲಿಲ್ಲ. ಊರು ಹೆದರಿದಷ್ಟೂ ನನ್ನ ಮೌನಕ್ಕೆ ಮರ್ಯಾದೆ ಹೆಚ್ಚಿತು. ನನ್ನ ಲೆಕ್ಕ ಇಷ್ಟೇ ಇತ್ತು: ಬೇಸಿಗೆ ಹೀಗೇ ಕಳೆಯಲಿ, ಅಮ್ಮನ ಮುಖ ಸ್ವಲ್ಪ ಮಸುಕಾಗಲಿ, ಆಮೇಲೆ ಹುಡುಗಿಯೇ 'ನಾನು ಹೋಗಲ್ಲ' ಅನ್ನಬಹುದು. ನಾನು ಬರೆದ ಲೆಕ್ಕಗಳಲ್ಲೆಲ್ಲ ಇದರಷ್ಟು ತಪ್ಪಾದದ್ದು ಇನ್ನೊಂದಿಲ್ಲ. ನಾನು ಅವಳಿಗೆ ಅಮ್ಮನನ್ನು ಮರೆಸಲು ಹೊರಟೆ, ಅವಳು ಅಮ್ಮನನ್ನು ಕೊಳ್ಳಲು ಹೊರಟಳು.

ನಿನ್ನೆ ಯೆರೆಮಿಯಾ ವ್ಯಾನ್ ತಂದು ನಿಲ್ಲಿಸಿ ನಿನ್ನ ಸುದ್ದಿ ಹೇಳಿದ. ನಮ್ಮೂರ ಭಯ ಅಲ್ಲಿಗೂ ಮುಟ್ಟಿ ನೀವೆಲ್ಲ ಸಿಮ್ ಎಸೆದಿದ್ದೀರಿ ಎಂದ. ನೀನು ಕೆಲಸ ಬಿಟ್ಟು, ಅರ್ಜಿ ಬಿಟ್ಟು, ಮುಂದಿನ ಭಾನುವಾರ ಅವನ ಜೊತೆ ಹೊರಟುಬರುತ್ತೇನೆ ಎಂದದ್ದನ್ನೂ ಹೇಳಿದ. 'ಈಗ ಗಡಿ ದಾಟಿದ್ರೆ ಮತ್ತೆ ಒಳಗೆ ಬಿಡಲ್ಲ ಅಂತ ನಾನೂ ಹೇಳ್ದೆ ಅನಿಸಿಯಾ. ಕೇಳೋ ಸ್ಥಿತೀಲಿಲ್ಲ ಅವಳು.' ನಾನು 'ಹೌದಾ' ಎಂದೆ. ನೀನು ಬಂದುಬಿಟ್ಟರೆ ನೀನೂ ಇಲ್ಲೇ, ಇಲಿಂಕಾನೂ ಇಲ್ಲೇ. ನಾನು ಏನೂ ಮಾಡಬೇಕಾಗಿಯೇ ಇಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಹಾಗಂದುಕೊಂಡೇ ರಾತ್ರಿ ಮಲಗಿದೆ.

ಇವತ್ತು ಬೆಳಿಗ್ಗೆ ಚುನಾವಣೆಯವರು ಬಂದರು. ಭಾನುವಾರ ಪುರಸಭೆಯ ಮತದಾನ ಇದೆಯಲ್ಲ, ಮೇಯರ್ ಅಭ್ಯರ್ಥಿಯ ಕಡೆಯ ಒಬ್ಬ ಯುವಕ ಮತದಾರರ ಪಟ್ಟಿ ಹಿಡಿದು ಮನೆಮನೆಗೆ ಹೋಗಿ, 'ಈ ಮನೇಲಿ ಎಷ್ಟು ಜನ? ಹೊರದೇಶದಲ್ಲಿ ಯಾರಿದ್ದಾರೆ?' ಎಂದು ಕೇಳುತ್ತಿದ್ದ. ಯಾವ ಮನೆಯವರೂ ಗೇಟು ತೆಗೆಯಲಿಲ್ಲ. ಅವನು ಸುಸ್ತಾಗಿ ನನ್ನ ಅಂಗಡಿಗೆ ಬಂದು ಕ್ವಾಸ್ ಕುಡಿಯುತ್ತ, 'ಕೊನೆ ಮನೆ ಅಜ್ಜಿಗೆ ಹುಷಾರಿಲ್ಲ ಅನ್ಸುತ್ತೆ ಆಂಟಿ, ಬಿಸಿಲಲ್ಲಿ ಚಳಿಗಾಲದ ಬೂಟು ಹಾಕ್ಕೊಂಡು ಕೂತಿದೆ' ಎಂದ.

ಅಂಗಡಿ ಹಾಗೇ ಬಿಟ್ಟು ಓಡಿದೆ. ಪರಸ್ಕೀವಾ ಅಜ್ಜಿ ಹೊಸ್ತಿಲಲ್ಲಿ ಬಟ್ಟೆಗಂಟಿನ ಮೇಲೆ ಕೂತಿದ್ದಳು. ಎರಡು ಸ್ವೆಟರ್, ಉಣ್ಣೆಯ ಬೂಟು, ಮಡಿಲಲ್ಲಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ. ಬೆವರು ಕತ್ತಿನಿಂದ ಇಳಿಯುತ್ತಿತ್ತು. ಕೋಳಿಗಳನ್ನು ಬಿಟ್ಟುಬಿಟ್ಟಿದ್ದಳು, ಅವು ಬೀದಿಯಲ್ಲಿದ್ದವು.

'ಎಷ್ಟು ನಿಮಿಷ ಕೊಡ್ತಾರಂತೆ?' ಎಂದು ಕೇಳಿದಳು.

ನಾನು ಮಣ್ಣಿನಲ್ಲಿ ಅವಳ ಕಾಲ ಬಳಿ ಕೂತೆ. ಬೂಟಿನ ದಾರ ಬಿಚ್ಚುತ್ತ ಎಲ್ಲ ಹೇಳಿದೆ: ಲಾರಿ ಇಲ್ಲ ಅಜ್ಜಿ, ಅದು ಓಟಿನ ಪಟ್ಟಿ. ಅವತ್ತು ಟಿವಿಯವಳು ಅಂದದ್ದು ಬೇರೆ, ನಾನು ಹೇಳಿದ್ದು ಬೇರೆ.

'ಗೊತ್ತು,' ಎಂದಳು. 'ಏಳು ವರ್ಷ ಸೈಬೀರಿಯಾದಲ್ಲಿದ್ದವಳಿಗೆ ರಷ್ಯನ್ ಬರಲ್ವೇನೆ? ಕೊಂಡ್ರು ಅಂದ್ಲು. ಕೇಳಿಸ್ತು.'

'ಮತ್ತೆ ಯಾಕಜ್ಜಿ ಹೆದರಿದೆ?'

'ನಿನಗೆ ಹೆದರಿದೆ ಕಣೇ. ಲಾರಿ ದೂರದಿಂದ ಬಂತು. ನಮ್ಮಪ್ಪನ ಹೆಸರು ದೂರದೋರಿಗೆ ಹ್ಯಾಗ್ ಗೊತ್ತಾಗತ್ತೆ? ಪಕ್ಕದ ಮನೆಯೋಳು ಹೇಳಿದ್ಲು. ಒಳ್ಳೇ ಹೆಂಗಸು, ನಂಗೆ ಜಡೆ ಹಾಕ್ತಿದ್ಲು.' ಮಡಿಲ ರೊಟ್ಟಿಯನ್ನು ಪಕ್ಕಕ್ಕಿಟ್ಟು, 'ಅವಳಿಗೆ ನಮ್ಮ ದ್ರಾಕ್ಷಿ ತೋಟ ಬೇಕಿತ್ತು. ನಿಂಗೇನ್ ಬೇಕಿತ್ತು?' ಎಂದಳು.

ಬೂಟು ಬಿಚ್ಚಿದೆ, ಕಾಲು ತೊಳೆದೆ, ಕೋಳಿಗಳನ್ನು ಅಟ್ಟಿಕೊಂಡು ಬಂದು ಒಳಗೆ ಹಾಕಿದೆ. ಮನೆಗೆ ಬಂದು ಕಾಗದ ಹುಡುಕಿ ಇದನ್ನು ಬರೆಯಲು ಕೂತೆ. ಫೋನ್ ಮಾಡೋಣವೆಂದರೆ ನಿನ್ನ ಹೊಸ ನಂಬರು ಯಾರಲ್ಲೂ ಇಲ್ಲ. ಇಬ್ಬರೂ ಎರಡು ಕಡೆಯಿಂದ ಬಾಗಿಲು ಹಾಕಿಕೊಂಡಿದ್ದೇವೆ. ನಾಳೆ ಗುರುವಾರ ಹೊರಡುವ ಯೆರೆಮಿಯಾನ ಚೀಲ ಒಂದೇ ದಾರಿ.

ಆದ್ದರಿಂದ ಅಲ್ಲೇ ಇರು. ಆ ಮುದುಕಿಯ ಕೈ ಬಿಡಬೇಡ, ಅರ್ಜಿಯ ಕೈ ಅಂತೂ ಬಿಡಲೇಬೇಡ. ನನ್ನ ಸಿಮ್ ಈಗ ಫೋನಿನಲ್ಲಿದೆ, ಹಳೆಯ ನಂಬರೇ, ಸ್ವಲ್ಪ ಹಿಟ್ಟು ಹಿಡಿದಿದೆ. ಭಾನುವಾರ ಇದನ್ನು ಓದಿದ ಕೂಡಲೇ ಯಾರ ಫೋನಿನಿಂದಾದರೂ ಮಾಡು, ಇಲಿಂಕಾನೇ ಎತ್ತುತ್ತಾಳೆ. ಸೆಪ್ಟೆಂಬರಿನ ವಿಷಯ ಇವತ್ತು ಊಟಕ್ಕೆ ಕೂತಾಗ ಅವಳಿಗೆ ಹೇಳಿದೆ. ಮೆಲ್ಲಗೆ ಹೇಳು ಎಂದಿದ್ದೆಯಲ್ಲ, ಮೆಲ್ಲಗೇ ಹೇಳಿದೆ. ಅವಳು ಚಮಚ ಕೆಳಗಿಟ್ಟು, 'ನೀನು ಯಾವ ಕೋಣೇಲಿ ಮಲಗ್ತೀಯ ಅಲ್ಲಿ?' ಎಂದು ಕೇಳಿದಳು. ನಾನು ಬರುವುದಿಲ್ಲ ಎನ್ನುವುದು ಅವಳ ತಲೆಗೇ ಬಂದಿಲ್ಲ. ಅದನ್ನು ನೀನೇ ಹೇಳು, ನನ್ನಿಂದ ಆಗುವುದಿಲ್ಲ.

ಕೊನೆಯ ಮೊತ್ತ ಹಾಕಿ ಮುಗಿಸುತ್ತೇನೆ. ಕೊಂಡವರಿಗೆ ಅವರ ಕಂಪನಿ ಸಿಕ್ಕಿತು. ಮಾರಿದವರಿಗೆ ಎಂಟುನೂರೈವತ್ತು ಕೋಟಿ ಸಿಕ್ಕಿತು. ನೀಲಿ ಫೋನು ಇವತ್ತೂ ಬಿಟ್ಟಿಯೇ ಇದೆ, ಬೆಳಿಗ್ಗೆ ತೆರೆದು ನೋಡಿದೆ. ಯೆರೆಮಿಯಾನಿಗೆ ಚೀಲ ತುಂಬ ಪತ್ರಗಳು ಸಿಕ್ಕವು, ಬಾಡಿಗೆ ಎರಡರಷ್ಟು. ತಿಮೊಫ್ತೆಗೆ ಸಿಳ್ಳೆ ಹೊಡೆಯಲು ಅನುಕೂಲವಾದ ಒಂದು ಸಂದು. ಪರಸ್ಕೀವಾ ಅಜ್ಜಿಗೆ ತೊಳೆದ ಕಾಲು. ಇಲಿಂಕಾಗೆ ತೊಂಬತ್ತು ಲೇಯ್. ನಿನಗೆ ಸೊನ್ನೆ. ನನಗೆ ಅವಳ ಮೂರು ವಾರ.

ಇಂತಿ,
ನಿನ್ನನ್ನು ಎತ್ತಿ ಆಡಿಸಿದ, ಆಮೇಲೆ ನಿನ್ನ ಮಗಳನ್ನೂ ಎತ್ತಿ ಆಡಿಸಿದ
ಅಕ್ಕ ಅನಿಸಿಯಾ

ಪುನಶ್ಚ: ಭಾನುವಾರ ಯೆರೆಮಿಯಾ ನಿನ್ನನ್ನು ನೋಡಿದ ಕೂಡಲೇ, 'ನಿನ್ನ ಸೀಟಿಗೆ ದುಡ್ಡು ಬಂದಿದೆ, ಹತ್ತು' ಎನ್ನುತ್ತಾನೆ. ಯಾರು ಕೊಟ್ಟರು ಎಂದು ಅವನನ್ನು ಕೇಳಬೇಡ. ಮೇಲೆ ಬರೆಯದೆ ಬಿಟ್ಟದ್ದು ಇದೊಂದೇ: ನೀನು ಬಂದೇಬಿಡಲಿ ಎಂದು ನಿನ್ನೆ ಅವನು ಸುದ್ದಿ ಹೇಳಿ ಮುಗಿಸುವ ಮೊದಲೇ ನಾನು ಕೊಟ್ಟೆ, ಪೂರ್ತಿ, ಚೌಕಾಸಿ ಮಾಡದೆ. ಆ ಸೀಟು ಖಾಲಿಯೇ ಬರಲಿ.